ಖಾಲಿ ಗಾಡಿಯ ತೂಕ

ಸಂಜೆ ಆರಕ್ಕೆ ಆಸನೂರಿನ ಗೇಟು ಬಿತ್ತು.
ಇನ್ನು ಬೆಳಗಿನ ತನಕ ದಿಂಬಂ ಘಾಟಿ ಕಾಡಿನದು.
ನಮ್ಮ ಮುಂದೆ ಹನ್ನೊಂದು ಗಾಡಿ.
ನನ್ನದರಲ್ಲಿ ತಾಳವಾಡಿಯ ಎಲೆಕೋಸು, ಮೂರೂಕಾಲು ಟನ್ನು.
ಕ್ಲೀನರ್ ಕೇತ ಟಾರ್ಪಾಲಿನ ಮೇಲೆ ಮಲಗಿ
ಬೀಡಿ ಹಚ್ಚಿದ.
ನಾನು ಕ್ಯಾಬಿನ್ ದೀಪ ಹಾಕಿ
ಟ್ರಿಪ್ಪಿನ ಪುಸ್ತಕ ತಿರುವಿ ಹಿಡಿದೆ.

ಮುಂದಿನಿಂದ ಓದಿದರೆ ಆರು ವರ್ಷ:
ತಾರೀಕು, ಲೋಡು, ಮಂಜಿತ್ತೋ ಇಲ್ಲವೋ,
ಸತ್ಯಮಂಗಲದ ಮಂಡಿಯಲ್ಲಿ ಕಿಲೋಗೆ ಸಿಕ್ಕಿದ್ದು.
ಹಿಂದಿನಿಂದ ಓದಿದರೆ ಒಂದೇ ಒಂದು ಗೆರೆ,
ಯುಗಾದಿಯಿಂದ ಎಳೆಯುತ್ತಿದ್ದೇನೆ, ಅಳಿಸುತ್ತಿದ್ದೇನೆ.

ಇದನ್ನು ಅಂಟಿಸಿದವಳು ತಂಗಿಯ ಮಗಳು ಸುಧಾಮಣಿ.
ಈರೋಡಿನ ಕಾಲೇಜು, ಯಂತ್ರಕ್ಕೆ ಕಲಿಸುವ ಗಣಿತ.
ಸೋಮವಾರ ಇದೇ ಸೀಟಲ್ಲಿ ಇಳಿಯುತ್ತಾ
ಐದನೇ ತಿರುವಿಗೇ ಓದಿ ಓದಿ ವಾಂತಿ,
ಆಮೇಲೆ ಪುಸ್ತಕ ಮುಚ್ಚಿ ಬಾಯಲ್ಲೇ ಒಪ್ಪಿಸುತ್ತಿದ್ದಳು.
ಸ್ಟೇರಿಂಗ್ ಹಿಡಿದವನಿಗೆ ಕಿವಿ ಮುಚ್ಚಲು ಕೈ ಎಲ್ಲಿ?
ಅವಳು ಆ ಪೇಪರು ಪಾಸಾದಳು.
ನನ್ನದು ಇನ್ನೂ ನಡೆದಿದೆ.

ಯಾವ ಸಂಗತಿಗೆ ಎಷ್ಟು ಕಿಮ್ಮತ್ತೋ ಅದು ಅದರ ತೂಕ, ಅಂದಿದ್ದಳು.
ಅಷ್ಟು ಗೊತ್ತಾಯಿತು. ಮಂಜಿಗೆ ಇಷ್ಟು, ಶುಕ್ರವಾರಕ್ಕೆ ಇಷ್ಟು,
ಮೆಟ್ಟುಪಾಳ್ಯದಿಂದ ಕೋಸು ಬಂದ ದಿನಕ್ಕೆ ಮೈನಸ್ಸು.
ಆದರೆ ಕೊನೆಗೊಂದು ಒಂಟಿ ಅಂಕಿ,
ಯಾವುದರ ಜೊತೆಗೂ ಗುಣಿಸದೆ ಸುಮ್ಮನೆ ಕೂಡುವುದು.
ಅದು ಯಾಕೆ? ತಿಂಗಳು ತಲೆ ತಿಂದಿತು.
ಒಂದು ದಿನ ವೇಬ್ರಿಜ್ಜಿನ ಮೇಲೆ ಬರಿ ಗಾಡಿ ನಿಲ್ಲಿಸಿದೆ.
ಚೀಟಿ ಬಂತು: ಎರಡು ಸಾವಿರದ ಎಂಟುನೂರ ಅರವತ್ತು.
ಏನೂ ಹೇರದೆಯೂ ಇರುವ ತೂಕ.
ಆ ಚೀಟಿ ಇನ್ನೂ ಮಾದೇಶ್ವರನ ಪಟದ ಸಂದಿಯಲ್ಲಿದೆ.

ತಪ್ಪಿನ ಲೆಕ್ಕವೇ ಬೇರೆ.
ನನ್ನ ಗೆರೆ ಹದಿನಾಲ್ಕು ಅಂದ ದಿನ ಮಂಡಿ ಆರು ಅಂತು.
ಮರುದಿನ ಎಂಟು ಜಾಸ್ತಿ. ಎರಡೂ ಕೂಡಿದರೆ ಸೊನ್ನೆ.
ಸೊನ್ನೆ ಅಂತ ಮನೇಲಿ ಹೇಳಿ ನೋಡಿ!
ಅದಕ್ಕೇ ತಪ್ಪನ್ನು ಅದೇ ತಪ್ಪಿನಿಂದ ಗುಣಿಸಬೇಕಂತೆ:
ಅರವತ್ತನಾಲ್ಕು, ಮತ್ತೊಂದು ಅರವತ್ತನಾಲ್ಕು.
ಒಂದು ರೂಪಾಯಿಯ ತಪ್ಪು ಒಂದಾಗಿಯೇ ಉಳಿಯುತ್ತದೆ,
ದೊಡ್ಡದು ಊದಿಕೊಂಡು ಎದುರಿಗೆ ಕೂರುತ್ತದೆ.

ಇಳಿಯುವ ಪಾಠಕ್ಕೆ ಬಂದಾಗ ನನಗೆ ಗರ್ವ.
ಇಳಿಯುವುದನ್ನು ನನಗೆ ಹೇಳಿಕೊಡುತ್ತಾಳಾ?
ಎರಡನೇ ಗೇರು, ಬ್ರೇಕಿಗೆ ಆತುರ ಬೇಡ,
ಹೆಜ್ಜೆ ದೊಡ್ಡದಾದರೆ ತಿರುವು ದಾಟಿ ಪಾತಾಳ.
"ಅಲ್ಲ ಮಾವ" ಅಂದಳು ಹದಿನೇಳನೇ ತಿರುವಿನಲ್ಲಿ,
"ಅಲ್ಲಿ ರಸ್ತೇನೇ ಇಲ್ಲ. ಕಡಿದೋರಿಲ್ಲ, ಬೋರ್ಡಿಲ್ಲ,
ಕೆಳಗೆ ಬನ್ನಾರಿ ಕಾಣಲ್ಲ.
ಕಾಲಡಿಯ ಓರೆ ಒಂದೇ ಗೊತ್ತು.
ಅದೂ ಎಡಕ್ಕೆ ಬಲಕ್ಕೆ ಅಷ್ಟೇ ಅಲ್ಲ, ಸಾವಿರ ಕಡೆಗೆ."

ಸಾವಿರ ಕಡೆಗೆ.
ಅವತ್ತಿಂದ ಗಾಡಿ ಓಡಿಸುವಾಗ
ಎಡ ಬಲ ಎರಡೇ ಇರುವುದು ಬಡತನ ಅನ್ನಿಸುತ್ತದೆ.

ರಾತ್ರಿ ಎರಡು ಗಂಟೆ. ಕೇತ ಚಳಿಗೆ ಇಳಿದು ಬಂದು
ಪುಸ್ತಕದೊಳಕ್ಕೆ ಇಣುಕಿದ. ಅಕ್ಷರ ಬಾರದು, ಅಂಕಿ ಬರುತ್ತದೆ.
"ಈ ಚುಕ್ಕಿ ಯಾಕಣ್ಣ ಅಷ್ಟು ದೂರ ಕುಂತದೆ?"
"ಮೇ ಇಪ್ಪತ್ತು. ಗೆರೆಗೆ ಸಿಗ್ತಿಲ್ಲ."
"ಅವತ್ತಲ್ವಾ ಒಂಬತ್ತನೇ ತಿರುವಲ್ಲಿ
ಹೆಣ್ಣಾನೆ ಮರಿ ಹಾಕಿ ನಿಂತಿದ್ದು?
ಮಧ್ಯಾಹ್ನದ ಗಂಟ ಬಿಡ್ನಿಲ್ಲ.
ಮಂಡಿ ಮುಗಿದ ಮ್ಯಾಲೆ ಹೋದೊ."

ಹುಡುಕಿದೆ. ಆನೆಗೆ ನನ್ನಲ್ಲಿ ಕಾಲಮ್ಮೇ ಇಲ್ಲ.

ಸ್ಕೇಲು ಇಟ್ಟು ಎಳೆದೆ. ತಲೆಗೆ 'ಆನೆ' ಅಂತ ಬರೆದೆ.
ಆರು ವರ್ಷ ಉದ್ದಕ್ಕೂ ಖಾಲಿ, ಒಂದು ಕಡೆ ಒಂದು.
ಒಂದೇ ಸಲ ಕಂಡದ್ದಕ್ಕೆ ಯಾವ ತೂಕ ಕಟ್ಟಲಿ?
ಸುಧಾಮಣಿಯನ್ನು ಕೇಳಬೇಕು. ಅವಳಿಗೂ ಗೊತ್ತಿರಲಿಕ್ಕಿಲ್ಲ.
"ಬ್ಯಾರೆ ದಿನದ್ದು ಗ್ಯಾಪ್ಕ ಅದಾ?" ಅಂದೆ.
ಕೇತ ಬೀಡಿ ಆರಿಸಿ, ಪಕ್ಕದ ಸೀಟಿಗೆ ಹತ್ತಿ,
ಬೆರಳು ಮಡಿಸತೊಡಗಿದ.

ಗೇಟು ಏಳುವಾಗ ಹನ್ನೆರಡು ಆನೆ ಬರೆದಾಗಿತ್ತು.
ಮುಂದಿನ ಗಾಡಿ ಕೆಮ್ಮಿ ಹೊರಟಿತು.
ಇವತ್ತು ಕೋಸಿಗೆ ಹನ್ನೊಂದು ಅನ್ನುತ್ತದೆ ಗೆರೆ.
ನೋಡೋಣ.